ಸರ್ ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (15 ಸೆಪ್ಟೆಂಬರ್ 1861 – ಏಪ್ರಿಲ್ 1962) ಅವರು ಭಾರತದ ಹೆಸರಾಂತ ಎಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು ಹಾಗೂ ಆರ್ಥಿಕ ಚಿಂತಕರು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಇವರ ಹುಟ್ಟೂರು. ಕೃಷ್ಣರಾಜಸಾಗರ ಅಣೆಕಟ್ಟು, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕ್, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಂತಾದ ಅನೇಕ ನಿರ್ಮಾಣಗಳೊಂದಿಗೆ ಇವರ ಹೆಸರು ಬೆಸೆದುಕೊಂಡಿದೆ. 1955ರಲ್ಲಿ ಭಾರತ ಸರ್ಕಾರವು ಇವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿತು. ಇವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ.

ಕಟ್ಟಡಗಳಷ್ಟೇ ಮುಖ್ಯವಾದುದು ಇವರ ಗ್ರಂಥಗಳಲ್ಲಿ ಕಾಣುವ ಚಿಂತನೆ. ದೇಶದ ಏಳಿಗೆಗೆ ವ್ಯಕ್ತಿಯ ದುಡಿಮೆ, ಶಿಸ್ತು, ವಿವೇಚನೆ ಮತ್ತು ಉತ್ತಮ ಜೀವನದ ಹಂಬಲವೇ ಬುನಾದಿ ಎಂಬುದು ಅವರ ದೃಢವಾದ ನಿಲುವಾಗಿತ್ತು. ಈ ನಿಲುವು ಅವರ ಸಾಧನೆಗಳಿಗೆ ಪ್ರೇರಣೆಯಾಯಿತು. ದಿವಾನ ಪದವಿಯನ್ನು ತ್ಯಜಿಸಲು ಕಾರಣವಾದ ವಿವಾದದ ಹಿಂದೆಯೂ ಇದೇ ನಿಲುವಿತ್ತು.

ಜನನ ಮತ್ತು ಮನೆತನ

ವಿಶ್ವೇಶ್ವರಯ್ಯನವರ ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಗ್ರಾಮದವರು. ಅಲ್ಲಿಂದ ಮೈಸೂರು ಸೀಮೆಗೆ ಬಂದು ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ನೆಲೆಸಿದರು. ಮನೆಯ ಮಾತು ತೆಲುಗು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆತನಕ್ಕೆ ವಿದ್ಯೆಯ ಬಲವಿತ್ತೇ ಹೊರತು ಸಿರಿತನವಿರಲಿಲ್ಲ. ಇವರ ಜನ್ಮವರ್ಷವನ್ನು ಕೆಲವೆಡೆ 1860 ಎಂದೂ ಕೆಲವೆಡೆ 1861 ಎಂದೂ ದಾಖಲಿಸಲಾಗಿದೆ. ಭಾರತೀಯ ಅಂಚೆ ಇಲಾಖೆಯು ಇವರ ಶತಮಾನೋತ್ಸವದ ಅಂಚೆಚೀಟಿಯನ್ನು 1960ರಲ್ಲಿ ಹೊರತಂದಿತು.

ಅಂದು ಮುದ್ದೇನಹಳ್ಳಿಯು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಮತ್ತು ಗುಡಿಬಂಡೆ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿಯಂತಹ ನದಿಗಳು ನಂದಿಬೆಟ್ಟದ ಸುತ್ತಮುತ್ತ ಹುಟ್ಟಿದರೂ ಅವು ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುತ್ತವೆ. ಆದ್ದರಿಂದ ಇಲ್ಲಿನ ಜನರು ಹಿಂದಿನಿಂದಲೂ ಕೆರೆಗಳನ್ನು ಕಟ್ಟಿ, ಮಳೆಯ ನೀರನ್ನು ಹಿಡಿದಿಟ್ಟು ಬೇಸಾಯ ಮಾಡುತ್ತ ಬಂದಿದ್ದಾರೆ. ಮುಂದೆ ಹಲವು ಪ್ರಾಂತ್ಯಗಳಲ್ಲಿ ನೀರಿನ ಕೆಲಸಗಳನ್ನು ಕೈಗೊಂಡ ಎಂಜಿನಿಯರೊಬ್ಬರು ಹುಟ್ಟಿದ್ದು ಇಂತಹ ಕೆರೆಗಳ ನಾಡಿನಲ್ಲಿ.

ವಿದ್ಯಾಭ್ಯಾಸ

ಪ್ರಾಥಮಿಕ ಶಿಕ್ಷಣವು ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಓದಿದರು. ಅನಂತರ ಸೆಂಟ್ರಲ್ ಕಾಲೇಜನ್ನು ಸೇರಿದರು. ಓದಿನ ಖರ್ಚಿಗೆ ಸಾಕಷ್ಟು ಹಣವಿಲ್ಲದ ಕಾರಣ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ಸಂಪಾದಿಸುತ್ತಿದ್ದರು. ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ವಿದ್ಯಾರ್ಥಿಯ ಪ್ರತಿಭೆಯನ್ನು ಗುರುತಿಸಿ ಪ್ರೋತ್ಸಾಹಿಸಿದರು. 1881ರಲ್ಲಿ ಬಿ.ಎ. ಪದವಿ ಪಡೆದರು.

ಮುಂದಿನ ಓದಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಅದರ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1883ರಲ್ಲಿ ನಡೆದ ಅಂತಿಮ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನೂ ಜೇಮ್ಸ್ ಬರ್ಕ್ಲಿ ಬಹುಮಾನವನ್ನೂ ಗಳಿಸಿದರು. ಸ್ವಂತ ಪರಿಶ್ರಮ ಮತ್ತು ಸರ್ಕಾರದ ನೆರವು ಎರಡೂ ಕೂಡಿ ಇವರ ಬದುಕನ್ನು ರೂಪಿಸಿದವು. ಇವರ ಮುಂದಿನ ಚಿಂತನೆಯನ್ನು ಅರಿಯಲು ಈ ಸಂಗತಿ ಮುಖ್ಯವಾಗುತ್ತದೆ.

ಮುಂಬಯಿ ಪ್ರಾಂತ್ಯದಲ್ಲಿ ಸೇವೆ

1884ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನೇಮಕಗೊಂಡರು. ಸಿಂಧ್ ಪ್ರಾಂತ್ಯದ ಸುಕ್ಕೂರು ಪಟ್ಟಣಕ್ಕೆ ಸಿಂಧೂ ನದಿಯಿಂದ ಶುದ್ಧ ನೀರನ್ನು ಒದಗಿಸುವ ಕೆಲಸವನ್ನು ಪೂರೈಸಿ ಹೆಸರು ಗಳಿಸಿದರು. ದಖನ್ ಪ್ರದೇಶದ ಕಾಲುವೆಗಳಲ್ಲಿ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಒಂದು ಪ್ರದೇಶವನ್ನು ಬ್ಲಾಕುಗಳನ್ನಾಗಿ ವಿಂಗಡಿಸಿ, ಹೆಚ್ಚು ನೀರು ಬೇಡುವ ಬೆಳೆ ಮತ್ತು ಕಡಿಮೆ ನೀರು ಬೇಡುವ ಬೆಳೆಗಳನ್ನು ಸರದಿಯಲ್ಲಿ ಬೆಳೆಯುವಂತೆ ಮಾಡುವುದು ಈ ಪದ್ಧತಿಯ ತಿರುಳು. ಮನಬಂದಂತೆ ನೀರು ಹಾಯಿಸಿ ರೂಢಿಯಿದ್ದ ರೈತರು ಮೊದಮೊದಲು ಇದನ್ನು ವಿರೋಧಿಸಿದರು. ನೀರು ಪೋಲಾಗುವುದು ತಪ್ಪಿದರೆ ತಮಗೇ ಲಾಭ ಎಂಬುದು ಮನವರಿಕೆಯಾದ ಮೇಲೆ ವಿರೋಧ ತಗ್ಗಿತು.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಇವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ನಿಗದಿತ ಮಟ್ಟವನ್ನು ಮೀರಿದಾಗ ಈ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತವೆ. ಇದರಿಂದ ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸಲು ಸಾಧ್ಯವಾಯಿತು. 1906ರಲ್ಲಿ ಏಡನ್ ನಗರದ ನೀರು ಸರಬರಾಜು ಮತ್ತು ಒಳಚರಂಡಿ ವ್ಯವಸ್ಥೆಯ ಬಗ್ಗೆ ಸಲಹೆ ನೀಡಲು ಇವರನ್ನು ಕಳುಹಿಸಲಾಗಿತ್ತು.

ಇಷ್ಟೆಲ್ಲ ಸಾಧಿಸಿದರೂ ಮುಖ್ಯ ಎಂಜಿನಿಯರ್ ಹುದ್ದೆಯು ಭಾರತೀಯರಿಗೆ ದೊರೆಯುವ ಕಾಲ ಅದಾಗಿರಲಿಲ್ಲ. ಮೇಲಿನ ದಾರಿ ಮುಚ್ಚಿದೆ ಎಂಬುದನ್ನು ಅರಿತ ವಿಶ್ವೇಶ್ವರಯ್ಯನವರು 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತಿ ಪಡೆದು ವಿದೇಶ ಪ್ರವಾಸಕ್ಕೆ ತೆರಳಿದರು.

ಹೈದರಾಬಾದ್ ಮತ್ತು ಮೈಸೂರು

1908ರ ಸೆಪ್ಟೆಂಬರ್ ತಿಂಗಳಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದ್ ನಗರವನ್ನು ಧ್ವಂಸಮಾಡಿತು. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ವಿಶ್ವೇಶ್ವರಯ್ಯನವರು ನಗರದ ರಕ್ಷಣೆಗೆ ಯೋಜನೆಯನ್ನು ಸಿದ್ಧಪಡಿಸಿದರು. ಪ್ರವಾಹವನ್ನು ತಡೆದು ನಿಲ್ಲಿಸಲು ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂಬ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣವಾದವು.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆ ಬಂದಿತು. ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳ ಬೆಳವಣಿಗೆಗೆ ಸರ್ಕಾರದ ಬೆಂಬಲ ದೊರೆಯುವುದೆಂಬ ಭರವಸೆಯನ್ನು ಪಡೆದ ನಂತರವೇ ಅವರು ಹುದ್ದೆಯನ್ನು ಒಪ್ಪಿಕೊಂಡರು. ಕೆಲಸಕ್ಕೆ ಅವಕಾಶವಿಲ್ಲದ ಹುದ್ದೆಯನ್ನು ಕೇವಲ ಗೌರವಕ್ಕಾಗಿ ಒಪ್ಪುವುದು ಅವರ ಸ್ವಭಾವವಾಗಿರಲಿಲ್ಲ.

ಕನ್ನಂಬಾಡಿಯ ಬಳಿ ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟನ್ನು ಕಟ್ಟುವ ಕಾರ್ಯವು 1911ರಲ್ಲಿ ಆರಂಭವಾಯಿತು. ಮಂಡ್ಯ ಸೀಮೆಯ ನೀರಾವರಿ ಮತ್ತು ಶಿವನಸಮುದ್ರದ ವಿದ್ಯುತ್ ಉತ್ಪಾದನೆಗೆ ನಿರಂತರವಾಗಿ ನೀರನ್ನು ಒದಗಿಸುವುದು ಇದರ ಉದ್ದೇಶ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಸರಬರಾಜಾಗುತ್ತಿತ್ತು. ಖರ್ಚಿನ ಬಗ್ಗೆ ಸಂಸ್ಥಾನದೊಳಗೆ ಆಕ್ಷೇಪಗಳೂ ನೀರಿನ ಹಂಚಿಕೆಯ ಬಗ್ಗೆ ಮದ್ರಾಸ್ ಸರ್ಕಾರದೊಡನೆ ವ್ಯಾಜ್ಯವೂ ಎದುರಾದವು. 1924ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು.

ದಿವಾನರಾಗಿ

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1912ರಲ್ಲಿ ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಹುದ್ದೆಯನ್ನು ಸ್ವೀಕರಿಸುವ ಮುನ್ನ, ತಮ್ಮಿಂದ ಯಾವ ಶಿಫಾರಸನ್ನೂ ನಿರೀಕ್ಷಿಸಬಾರದೆಂದು ಬಂಧುಗಳಿಗೆ ತಿಳಿಸಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಇವರ ಆಡಳಿತದ ಆರು ವರ್ಷಗಳಲ್ಲಿ ಮೈಸೂರು ಸಂಸ್ಥಾನವು ಅನೇಕ ಹೊಸ ಸಂಸ್ಥೆಗಳನ್ನು ಕಂಡಿತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯ ಮಂಡಳಿ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳೂ ಇದೇ ಅವಧಿಯಲ್ಲಿ ಹುಟ್ಟಿದವು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ನೀಡುವ ಕಾನೂನು 1913ರಲ್ಲಿ ಬಂದಿತು. ರೇಷ್ಮೆ ಉದ್ಯಮವನ್ನು ವೈಜ್ಞಾನಿಕವಾಗಿ ಬೆಳೆಸಲು ಇಟಲಿಯ ತಜ್ಞರ ನೆರವನ್ನು ಪಡೆಯಲಾಯಿತು. ಇಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ ಮತ್ತು ರೇಷ್ಮೆ ಬೆಳೆಯುವ ಚಿಂತಾಮಣಿ ತಾಲ್ಲೂಕುಗಳು ಇವರ ಹುಟ್ಟೂರಿನ ನೆರೆಯಲ್ಲಿಯೇ ಇವೆ.

ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಆರಂಭವಾಗಿದ್ದ ಮೈಸೂರು ಆರ್ಥಿಕ ಸಮ್ಮೇಳನವು ಇವೆಲ್ಲಕ್ಕೆ ಚರ್ಚೆಯ ವೇದಿಕೆಯಾಗಿತ್ತು. ಅಧಿಕಾರಿಗಳ ಜೊತೆಗೆ ಬೇಸಾಯಗಾರರು, ವ್ಯಾಪಾರಿಗಳು ಹಾಗೂ ವಿದ್ಯಾವಂತರು ಅಲ್ಲಿ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯದ ವಿಷಯಗಳನ್ನು ಪರಿಶೀಲಿಸುತ್ತಿದ್ದರು. ಪ್ರಜೆಗಳು ಎಲ್ಲಕ್ಕೂ ಸರ್ಕಾರದತ್ತ ಕೈಚಾಚದೆ ತಮ್ಮ ಏಳಿಗೆಯ ಬಗ್ಗೆ ತಾವೇ ಯೋಚಿಸುವಂತಾಗಬೇಕು ಎಂಬುದು ಇದರ ಆಶಯವಾಗಿತ್ತು.

ಮಿಲ್ಲರ್ ಸಮಿತಿ ಮತ್ತು ರಾಜೀನಾಮೆ

ವಿಶ್ವೇಶ್ವರಯ್ಯನವರ ಜೀವನದಲ್ಲಿ ಇಂದಿಗೂ ಹೆಚ್ಚು ಚರ್ಚೆಗೆ ಒಳಗಾಗುವ ಪ್ರಸಂಗವಿದು. ಆ ಕಾಲದ ಮೈಸೂರಿನಲ್ಲಿ ಜನಸಂಖ್ಯೆಯ ಅಲ್ಪಭಾಗವಾಗಿದ್ದ ಬ್ರಾಹ್ಮಣರು ಸರ್ಕಾರದ ಉನ್ನತ ಹುದ್ದೆಗಳಲ್ಲಿ ಬಹುಪಾಲನ್ನು ಪಡೆದಿದ್ದರು. ಉಳಿದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿ, ತಮ್ಮವರಿಗೂ ಸರ್ಕಾರಿ ಸೇವೆಯಲ್ಲಿ ನ್ಯಾಯವಾದ ಪಾಲು ದೊರೆಯಬೇಕೆಂದು ಮಹಾರಾಜರಲ್ಲಿ ಮನವಿ ಮಾಡಿದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು.

ಹುದ್ದೆಗಳಿಗೆ ಅರ್ಹತೆಯೊಂದೇ ಮಾನದಂಡವಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಜಾತಿಯ ಆಧಾರದ ಮೇಲೆ ನೇಮಕ ಮಾಡಿದರೆ ಆಡಳಿತದ ದಕ್ಷತೆ ಕುಂದುತ್ತದೆ. ಹಿಂದುಳಿದವರಿಗೆ ವಿದ್ಯಾರ್ಥಿವೇತನ ನೀಡಿ, ಶಿಕ್ಷಣವನ್ನು ವಿಸ್ತರಿಸಿ, ಅವರು ಅರ್ಹತೆಯಿಂದಲೇ ಮೇಲೆ ಬರುವಂತೆ ಮಾಡಬೇಕು ಎಂದು ಅವರು ಭಾವಿಸಿದ್ದರು. ಮಹಾರಾಜರ ಅಭಿಪ್ರಾಯ ಇದಕ್ಕಿಂತ ಭಿನ್ನವಾಗಿತ್ತು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿ 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದರು. ಮುಂದಿನ ದಿವಾನರಾಗಿ ಎಂ. ಕಾಂತರಾಜ ಅರಸ್ ಅವರು ಬಂದರು. ಮಿಲ್ಲರ್ ಸಮಿತಿಯ ವರದಿ 1919ರಲ್ಲಿ ಸಲ್ಲಿಕೆಯಾಯಿತು. ಅದರ ಆಧಾರದ ಮೇಲೆ ಸರ್ಕಾರವು 1921ರಲ್ಲಿ ಆದೇಶ ಹೊರಡಿಸಿತು. ಇದು ಭಾರತದಲ್ಲಿ ಸಾಮಾಜಿಕ ಮೀಸಲಾತಿಯ ಆರಂಭಿಕ ಹೆಜ್ಜೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಈ ಪ್ರಸಂಗವನ್ನು ಎರಡು ದೃಷ್ಟಿಗಳಿಂದ ನೋಡಲಾಗುತ್ತದೆ. ವ್ಯಕ್ತಿಯನ್ನು ಅವನ ಸಮುದಾಯದಿಂದ ಅಳೆಯದೆ ಅವನ ಸಾಮರ್ಥ್ಯದಿಂದ ಅಳೆಯಬೇಕೆಂಬ ತತ್ತ್ವಕ್ಕಾಗಿ ಅವರು ಅಧಿಕಾರವನ್ನೇ ಬಿಟ್ಟರು ಎಂಬುದು ಒಂದು ದೃಷ್ಟಿ. ತಲೆತಲಾಂತರದಿಂದ ಅಕ್ಷರದಿಂದ ದೂರವಿದ್ದವರನ್ನೂ ಅಕ್ಷರವೇ ಆಸ್ತಿಯಾಗಿದ್ದ ಮನೆತನದವರನ್ನೂ ಒಂದೇ ಪರೀಕ್ಷೆಯಲ್ಲಿ ನಿಲ್ಲಿಸುವುದು ಸಮಾನ ಅವಕಾಶವಾಗುವುದಿಲ್ಲ ಎಂಬುದು ಮತ್ತೊಂದು. ವಿಶ್ವೇಶ್ವರಯ್ಯನವರ ಬದುಕಿನಲ್ಲೇ ಈ ಎರಡು ವಾದಗಳಿಗೂ ಆಧಾರ ಸಿಗುತ್ತದೆ. ಬಡತನದಲ್ಲಿಯೂ ಅವರು ಶ್ರಮದಿಂದ ಮೇಲೆ ಬಂದರು. ಆದರೆ ಅವರ ಮನೆಯಲ್ಲಿ ವಿದ್ಯೆಯ ಪರಂಪರೆಯಿತ್ತು, ಸರ್ಕಾರದ ವಿದ್ಯಾರ್ಥಿವೇತನವೂ ಕೈಹಿಡಿದಿತ್ತು. ಮುಂಬಯಿಯಲ್ಲಿ ಅರ್ಹತೆಯಿದ್ದರೂ ಹುಟ್ಟಿನ ಕಾರಣದಿಂದ ಬಾಗಿಲು ಮುಚ್ಚಿದ್ದನ್ನು ಅವರೇ ಕಂಡಿದ್ದರು. ಆ ಅನುಭವದಿಂದ ಅವರು ಅರ್ಹತೆಯ ಮೇಲಿನ ನಂಬಿಕೆಯನ್ನು ಬಲಪಡಿಸಿಕೊಂಡರು. ಅವರ ವಿಮರ್ಶಕರಾದರೋ ಅದೇ ಬಗೆಯ ಅನುಭವದಿಂದ ಪಾಲಿನ ಬೇಡಿಕೆಗೆ ಬಂದಿದ್ದರು.

ಭದ್ರಾವತಿ ಮತ್ತು ನಂತರದ ಸೇವೆ

ದಿವಾನಗಿರಿಯ ನಂತರವೂ ಅವರ ಕೆಲಸ ನಿಲ್ಲಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಕಷ್ಟದಲ್ಲಿದ್ದ ಕಾರ್ಖಾನೆಯನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವೃತ್ತಿಶಿಕ್ಷಣಕ್ಕೆ ಬಳಸುವಂತೆ ಸೂಚಿಸಿದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಇದರ ಫಲ.

ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಇವರು ದೀರ್ಘಕಾಲ ಸದಸ್ಯರಾಗಿದ್ದರು. ಭಾರತದಲ್ಲಿ ಮೋಟಾರು ವಾಹನಗಳ ತಯಾರಿಕೆಯನ್ನು ಆರಂಭಿಸಲು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ ಪ್ರಯತ್ನಿಸಿದರು. 1938ರಲ್ಲಿ ಕಾಂಗ್ರೆಸ್ ರಚಿಸಿದ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಸದಸ್ಯರಾಗಿದ್ದರು. 1941ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ಸ್ಥಾಪಿಸಿದರು. ತೊಂಬತ್ತು ದಾಟಿದ ವಯಸ್ಸಿನಲ್ಲಿಯೂ ಬಿಹಾರದ ಮೊಕಾಮಾ ಬಳಿ ಗಂಗಾನದಿಗೆ ಸೇತುವೆ ಕಟ್ಟುವ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ನೀಡಿದರು.

ಗ್ರಂಥಗಳು

ವಿಶ್ವೇಶ್ವರಯ್ಯನವರು ತಮ್ಮ ಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅವುಗಳಲ್ಲಿ ಪ್ರಮುಖವಾದವು ಇವು:

• ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ (1920): ಭಾರತದ ರಾಜಕೀಯ, ಆರ್ಥಿಕ ಮತ್ತು ಸಾಮಾಜಿಕ ಪುನರ್ನಿರ್ಮಾಣದ ಕುರಿತದ್ದು.
• ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ (1934): ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿಗೊಳಿಸುವ ಗುರಿಯ ಯೋಜನೆ. ಭಾರತದ ಆರ್ಥಿಕ ಯೋಜನೆಯ ಕುರಿತ ಮೊದಲ ಗ್ರಂಥಗಳಲ್ಲಿ ಒಂದು.
• ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್ (1951): ವೃತ್ತಿಜೀವನದ ನೆನಪುಗಳು.

ಆತ್ಮಕಥೆಗೆ ಅವರು ಇಟ್ಟ ಹೆಸರೇ ಅವರ ಮನೋಧರ್ಮವನ್ನು ಸೂಚಿಸುತ್ತದೆ. ಅದು ದುಡಿಮೆಯ ಬದುಕಿನ ನೆನಪುಗಳ ಪುಸ್ತಕ. ಮನೆ, ಸಂಸಾರ, ಸ್ವಂತ ಸುಖದುಃಖಗಳಿಗೆ ಅದರಲ್ಲಿ ದೊರೆತಿರುವ ಜಾಗ ಅತ್ಯಲ್ಪ. ಕೈಗೊಂಡ ಕೆಲಸ, ಎದುರಾದ ಅಡ್ಡಿ ಮತ್ತು ಹೊರಬಂದ ಫಲವೇ ಪುಟಗಳನ್ನು ತುಂಬಿವೆ.

ವ್ಯಕ್ತಿಯ ಕುರಿತ ಚಿಂತನೆ

ವ್ಯಕ್ತಿಯೇ ಸಮಾಜದ ಮೂಲ ಘಟಕ, ಅವನು ತನ್ನ ಬುದ್ಧಿಯಿಂದ ಯೋಚಿಸಿ ತನ್ನ ಹಿತವನ್ನು ತಾನೇ ಸಾಧಿಸಿಕೊಳ್ಳಬೇಕು ಎಂಬ ವಿಚಾರವನ್ನು ವ್ಯಕ್ತಿವಾದ ಎನ್ನುತ್ತಾರೆ. ವಿಶ್ವೇಶ್ವರಯ್ಯನವರು ಯಾವ ವಾದದ ಹೆಸರನ್ನೂ ತಮಗೆ ಅಂಟಿಸಿಕೊಳ್ಳಲಿಲ್ಲ. ಆದರೂ ಅವರ ಬರಹಗಳಲ್ಲಿ ಈ ವಿಚಾರದ ಮುಖ್ಯ ಅಂಶಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು, ಹಣೆಬರಹದ ನಂಬಿಕೆಗೆ ವಿರೋಧ. ಬಡತನವನ್ನು ಪೂರ್ವಜನ್ಮದ ಫಲವೆಂದು ಸಹಿಸಿಕೊಳ್ಳುವುದನ್ನು ಅವರು ಒಪ್ಪಲಿಲ್ಲ. ಬಡತನಕ್ಕೆ ಅನಕ್ಷರತೆ, ಹಳೆಯ ಉಪಕರಣಗಳು, ಬೇಸಾಯದ ಮೇಲಿನ ಅತಿಯಾದ ಅವಲಂಬನೆ ಮುಂತಾದ ಕಾರಣಗಳಿವೆ. ಕಾರಣವನ್ನು ಗುರುತಿಸಿದರೆ ಪರಿಹಾರವನ್ನೂ ಹುಡುಕಬಹುದು ಎಂದು ವಾದಿಸಿದರು. ಇದನ್ನು ಸ್ಥಾಪಿಸಲು ಭಾರತದ ಆದಾಯ, ಸಾಕ್ಷರತೆ ಮತ್ತು ಉತ್ಪಾದನೆಯ ಅಂಕಿಅಂಶಗಳನ್ನು ಜಪಾನ್ ಹಾಗೂ ಪಾಶ್ಚಾತ್ಯ ದೇಶಗಳ ಅಂಕಿಅಂಶಗಳೊಡನೆ ಹೋಲಿಸುತ್ತಿದ್ದರು.

ಎರಡನೆಯದು, ಉತ್ತಮ ಬದುಕಿನ ಆಸೆಗೆ ಗೌರವ. ಹೆಚ್ಚು ಸಂಪಾದಿಸಬೇಕು, ಚೆನ್ನಾಗಿ ಬದುಕಬೇಕು ಎಂಬ ಹಂಬಲವನ್ನು ಅವರು ದೋಷವೆಂದು ಎಣಿಸಲಿಲ್ಲ. ಆ ಹಂಬಲವಿಲ್ಲದಿದ್ದರೆ ದುಡಿಮೆಯ ಉತ್ಸಾಹ ಬಾರದು; ದುಡಿಮೆಯಿಲ್ಲದೆ ದೇಶದ ಸಂಪತ್ತು ಬೆಳೆಯದು ಎಂಬುದು ಅವರ ತರ್ಕ.

ಮೂರನೆಯದು, ಶಿಸ್ತು. ಹಂಬಲವೊಂದೇ ಸಾಲದು, ಕಷ್ಟಪಟ್ಟು ದುಡಿಯುವುದು, ಯೋಜನೆಯಂತೆ ದುಡಿಯುವುದು, ದಕ್ಷತೆಯನ್ನು ಹೆಚ್ಚಿಸಿಕೊಳ್ಳುವುದು ಮತ್ತು ಇತರರೊಡನೆ ಸೌಜನ್ಯದಿಂದ ಕೂಡಿ ನಡೆಯುವುದು ಅಗತ್ಯವೆಂದು ಅವರು ಮತ್ತೆ ಮತ್ತೆ ಬರೆದರು. ಕೊನೆಯ ಅಂಶವು ಗಮನಾರ್ಹ. ಸ್ವಹಿತವು ಪರಹಿತಕ್ಕೆ ವಿರುದ್ಧವೆಂದು ಅವರು ತಿಳಿದಿರಲಿಲ್ಲ.

ನಾಲ್ಕನೆಯದು, ಸರ್ಕಾರದ ಪಾತ್ರ. ಇಲ್ಲಿ ಅವರು ಅನೇಕ ವ್ಯಕ್ತಿವಾದಿಗಳಿಂದ ಬೇರೆಯಾಗುತ್ತಾರೆ. ಬಂಡವಾಳ, ತಾಂತ್ರಿಕ ಜ್ಞಾನ ಮತ್ತು ಧೈರ್ಯ ಮೂರೂ ಕಡಿಮೆಯಿರುವ ದೇಶದಲ್ಲಿ ಸರ್ಕಾರವೇ ಮುಂದೆ ನಿಂತು ದಾರಿ ತೆರೆಯಬೇಕು, ಖಾಸಗಿ ಉದ್ಯಮಿಗಳಿಗೆ ನೆರವು ನೀಡಬೇಕು ಎಂದು ಅವರು ನಂಬಿದ್ದರು. ಅವರ ಯೋಜಿತ ಅರ್ಥವ್ಯವಸ್ಥೆಯಲ್ಲಿ ಖಾಸಗಿ ಉದ್ಯಮಕ್ಕೂ ಸ್ವಂತ ಆಸ್ತಿಗೂ ಸ್ಥಾನವಿತ್ತು.

ಇತರ ಚಿಂತಕರೊಡನೆ ಹೋಲಿಕೆ

ಸ್ಕಾಟ್ಲೆಂಡಿನ ಆಡಂ ಸ್ಮಿತ್ ಅವರು 1776ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ದುಡಿದರೂ ಅದರಿಂದ ಸಮಾಜಕ್ಕೆ ಒಳಿತಾಗಬಲ್ಲದೆಂದು ವಿವರಿಸಿದರು. ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರು 1859ರಲ್ಲಿ ಪ್ರಕಟಿಸಿದ ಸೆಲ್ಫ್ ಹೆಲ್ಪ್ ಎಂಬ ಪುಸ್ತಕವು, ಬಡತನದಿಂದ ಮೇಲೆ ಬಂದ ಎಂಜಿನಿಯರುಗಳು ಮತ್ತು ಸಂಶೋಧಕರ ಉದಾಹರಣೆಗಳ ಮೂಲಕ ಸ್ವಪ್ರಯತ್ನದ ಹಿರಿಮೆಯನ್ನು ಸಾರಿತು. ಈ ಪುಸ್ತಕದ ಜಪಾನೀ ಅನುವಾದವು 1871ರಲ್ಲಿ ಹೊರಬಂದು ಆ ದೇಶದಲ್ಲಿ ಅಪಾರ ಜನಪ್ರಿಯತೆ ಗಳಿಸಿತು. 1898ರಲ್ಲಿ ಜಪಾನಿಗೆ ಭೇಟಿ ನೀಡಿದ ವಿಶ್ವೇಶ್ವರಯ್ಯನವರು ಅಲ್ಲಿನ ಶಿಕ್ಷಣ, ಕೈಗಾರಿಕೆ ಮತ್ತು ಜನರ ಶ್ರಮಶೀಲತೆಯನ್ನು ಕಂಡು ಮೆಚ್ಚಿದರು. ಏಷ್ಯಾದ ದೇಶವೊಂದು ಒಂದೇ ತಲೆಮಾರಿನಲ್ಲಿ ಬದಲಾಗಬಲ್ಲದೆಂಬುದಕ್ಕೆ ಜಪಾನ್ ಅವರಿಗೆ ಜೀವಂತ ನಿದರ್ಶನವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಲೇಖಕಿ ಐನ್ ರ್‍ಯಾಂಡ್ ಅವರು ದಿ ಫೌಂಟನ್‌ಹೆಡ್ (1943) ಮತ್ತು ಅಟ್ಲಾಸ್ ಶ್ರಗ್ಡ್ (1957) ಕಾದಂಬರಿಗಳ ಮೂಲಕ ವೈಚಾರಿಕ ಸ್ವಹಿತದ ತತ್ತ್ವವನ್ನು ಪ್ರಚಾರ ಮಾಡಿದರು. ಮೊದಲ ಕಾದಂಬರಿಯ ನಾಯಕ ಒಬ್ಬ ವಾಸ್ತುಶಿಲ್ಪಿ. ತನ್ನ ವಿನ್ಯಾಸದಲ್ಲಿ ರಾಜಿಯನ್ನೊಪ್ಪದ ಆ ಪಾತ್ರಕ್ಕೂ, ಕೆಲಸದ ಗುಣಮಟ್ಟದಲ್ಲಿ ರಾಜಿಯಾಗದ ವಿಶ್ವೇಶ್ವರಯ್ಯನವರಿಗೂ ಮೇಲುನೋಟಕ್ಕೆ ಹೋಲಿಕೆಯಿದೆ. ಆದರೆ ತಾತ್ತ್ವಿಕವಾಗಿ ಇಬ್ಬರ ದಾರಿಗಳು ಬೇರೆ. ಪರರಿಗಾಗಿ ಬದುಕುವುದು ಧರ್ಮವೆಂಬ ವಿಚಾರವನ್ನೇ ರ್‍ಯಾಂಡ್ ತಿರಸ್ಕರಿಸಿದರು. ಆರ್ಥಿಕ ವ್ಯವಹಾರದಲ್ಲಿ ಸರ್ಕಾರ ತಲೆಹಾಕಬಾರದು ಎಂದರು. ವಿಶ್ವೇಶ್ವರಯ್ಯನವರಿಗೆ ವ್ಯಕ್ತಿಯ ಏಳಿಗೆಯು ದೇಶದ ಏಳಿಗೆಯ ಮೆಟ್ಟಿಲಾಗಿತ್ತು.

ಕನ್ನಡ ನಾಡಿನ ಅಂಚಿನಲ್ಲಿಯೂ ಇಂತಹ ಚಿಂತಕರೊಬ್ಬರು ಹುಟ್ಟಿದರು. ಅಂದಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರು, ಎರಡನೆಯ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿದ್ದುಕೊಂಡು 1955ರಲ್ಲಿ ಭಿನ್ನಮತದ ಟಿಪ್ಪಣಿಯನ್ನು ಸಲ್ಲಿಸಿದರು. ಯೋಜನೆಯ ಗಾತ್ರ ಅತಿಯಾಯಿತು, ಸರ್ಕಾರದ ಹಿಡಿತ ಹೆಚ್ಚಾಯಿತು ಎಂಬುದು ಅವರ ಆಕ್ಷೇಪ. ಇಬ್ಬರೂ ವ್ಯಕ್ತಿಯ ಉದ್ಯಮಶೀಲತೆಯನ್ನು ನಂಬಿದವರೇ. ಅದನ್ನು ಬೆಳೆಸಲು ಯೋಜನೆ ಬೇಕೆಂದವರು ವಿಶ್ವೇಶ್ವರಯ್ಯನವರು. ಯೋಜನೆಯೇ ಅದಕ್ಕೆ ತೊಡಕಾಗುತ್ತದೆಂದವರು ಶೆಣೈ.

ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ

ದೇಶದ ಬಡತನ ನೀಗಬೇಕೆಂಬ ಗುರಿಯಲ್ಲಿ ಗಾಂಧೀಜಿ ಮತ್ತು ವಿಶ್ವೇಶ್ವರಯ್ಯನವರಿಗೆ ಭೇದವಿರಲಿಲ್ಲ, ಭೇದವಿದ್ದದ್ದು ಮಾರ್ಗದಲ್ಲಿ. ಚರಕ ಮತ್ತು ಗ್ರಾಮೋದ್ಯೋಗಗಳಿಗೆ ಗಾಂಧೀಜಿ ಒತ್ತು ನೀಡಿದರೆ, ಬೃಹತ್ ಯಂತ್ರೋದ್ಯಮವಿಲ್ಲದೆ ದೇಶ ಉಳಿಯದೆಂದು ವಿಶ್ವೇಶ್ವರಯ್ಯನವರು ವಾದಿಸಿದರು. ಅಗತ್ಯಗಳನ್ನು ಮಿತಗೊಳಿಸಿಕೊಳ್ಳುವುದು ಗಾಂಧೀಜಿಯವರ ಆದರ್ಶ. ಅಗತ್ಯಗಳನ್ನು ಪೂರೈಸುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುವುದು ವಿಶ್ವೇಶ್ವರಯ್ಯನವರದು. 1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿ ತಂಗಿದ್ದರು. ಆ ಬೆಟ್ಟದ ತಪ್ಪಲಿನ ಸೀಮೆಯೇ ವಿಶ್ವೇಶ್ವರಯ್ಯನವರ ಹುಟ್ಟೂರಿನ ನೆಲ. ಅದೇ ವರ್ಷ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಗಾಂಧೀಜಿಯವರು ಕೃಷ್ಣರಾಜಸಾಗರವನ್ನು ಕಂಡು ಅದರ ನಿರ್ಮಾತೃವನ್ನು ಪ್ರಶಂಸಿಸಿದರು. ಅಭಿಪ್ರಾಯಭೇದವು ಪರಸ್ಪರ ಗೌರವಕ್ಕೆ ಅಡ್ಡಿಯಾಗಲಿಲ್ಲ.

ವ್ಯಕ್ತಿತ್ವ

ಸಮಯಪಾಲನೆ, ಅಚ್ಚುಕಟ್ಟಾದ ಉಡುಪು, ಮಿತಾಹಾರ ಮತ್ತು ನಿತ್ಯದ ನಡಿಗೆಗೆ ವಿಶ್ವೇಶ್ವರಯ್ಯನವರು ಹೆಸರಾಗಿದ್ದರು. ಮೈಸೂರು ಪೇಟವು ಅವರ ಗುರುತಾಗಿತ್ತು. ಭಾಷಣಗಳನ್ನು ಮುಂಚಿತವಾಗಿ ಬರೆದು, ತಿದ್ದಿ ಸಿದ್ಧಪಡಿಸಿಕೊಳ್ಳುತ್ತಿದ್ದರು. ಸರ್ಕಾರದ ಹಣ ಮತ್ತು ಸ್ವಂತ ಹಣದ ನಡುವಿನ ಗೆರೆಯನ್ನು ಅವರು ಎಂದೂ ಅಳಿಸಲಿಲ್ಲವೆಂಬುದನ್ನು ಸಮಕಾಲೀನರು ದಾಖಲಿಸಿದ್ದಾರೆ.

ಗೌರವ, ನಿಧನ ಮತ್ತು ಸ್ಮರಣೆ

ಬ್ರಿಟಿಷ್ ಸರ್ಕಾರವು 1915ರಲ್ಲಿ ಕೆ.ಸಿ.ಐ.ಇ. ಪದವಿಯನ್ನು ನೀಡಿದ ಮೇಲೆ ಇವರ ಹೆಸರಿಗೆ ಸರ್ ಎಂಬುದು ಸೇರಿತು. ಹಲವು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮುದ್ದೇನಹಳ್ಳಿಯಲ್ಲಿ ಇವರ ಸಮಾಧಿಯಿದೆ. ಹುಟ್ಟಿದ ಮನೆಯ ಬಳಿ ಇವರ ಪ್ರಶಸ್ತಿಗಳು ಮತ್ತು ಬಳಕೆಯ ವಸ್ತುಗಳ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಇವರ ಹೆಸರನ್ನಿಡಲಾಗಿದೆ. ಮುದ್ದೇನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ.

ಇದೇ ಜಿಲ್ಲೆಯ ಗೌರಿ­ಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ವೈಚಾರಿಕತೆಯನ್ನು ನಾಡಿನಲ್ಲಿ ಹರಡಿದರು. ಅವರು ಗಾಂಧೀವಾದಿಗಳಾಗಿದ್ದು ವಿಶ್ವೇಶ್ವರಯ್ಯನವರಿಗಿಂತ ಭಿನ್ನವಾದ ಜೀವನಮಾರ್ಗವನ್ನು ಹಿಡಿದವರು. ಆದರೂ ವ್ಯಕ್ತಿಯು ತನ್ನ ಬುದ್ಧಿಯನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಬಾರದು ಎಂಬ ವಿಷಯದಲ್ಲಿ ಇಬ್ಬರ ಆಶಯವೂ ಒಂದೇ ಆಗಿತ್ತು.

ವಿಶ್ವೇಶ್ವರಯ್ಯನವರು ಕಟ್ಟಿದ ಅಣೆಕಟ್ಟುಗಳಲ್ಲೂ ಸಂಸ್ಥೆಗಳಲ್ಲೂ ಹಲವು ಇಂದಿಗೂ ಬಳಕೆಯಲ್ಲಿವೆ. ಅರ್ಹತೆ ಮತ್ತು ಸಮಾನ ಅವಕಾಶಗಳನ್ನು ಒಟ್ಟಿಗೆ ಸಾಧಿಸುವುದು ಹೇಗೆಂಬ, 1918ರಲ್ಲಿ ಅವರು ಎದುರಿಸಿದ ಪ್ರಶ್ನೆಯು ಇಂದಿನ ಶಿಕ್ಷಣ ಹಾಗೂ ಉದ್ಯೋಗದ ಚರ್ಚೆಗಳಲ್ಲಿಯೂ ಮುಂದುವರಿದಿದೆ.